ಅಮ್ಮ ತಲುಪಿದ್ದು

ಗಂಡನ ಕೆಲಸದ ದೆಸೆಯಿಂದ ನಾವು ಗಡಿಯಾಚೆ ತೆಲುಗು ನಾಡಿನ ನಾರಾಯಣಪೇಟೆಗೆ ಬಂದು ಎಷ್ಟೋ ವರ್ಷವಾದರೂ ಮೈಸೂರಿನ ನಮ್ಮಮ್ಮನ ಪಾಲಿಗೆ ಅದು ಪರದೇಶವೇ. ಕಳೆದ ಬೇಸಿಗೆಯಲ್ಲಿ ಬಂದವಳು ಚೀಲ ಇಳಿಸುವ ಮೊದಲೇ ತೀರ್ಪು ಕೊಟ್ಟಳು: "ಮಗೂನ ನಾನು ಕರ್ಕೊಂಡು ಹೋಗಿ ಓದಿಸ್ತೀನಿ. ಇಲ್ಲೇ ಇದ್ರೆ ಅದರ ಕನ್ನಡ ಕೆಟ್ಟು ಕೆರ ಹಿಡಿಯುತ್ತೆ." ಎಂಟು ವರ್ಷದ ಮಗಳು ನನ್ನ ಸೆರಗು ಹಿಡಿದು ನಿಂತಳು. ಅಮ್ಮ ಹಿಡಿದ ಹಟ ಬಿಟ್ಟದ್ದನ್ನು ನಾನಂತೂ ಕಂಡಿಲ್ಲ.

ಜಗಳಕ್ಕಿಂತ ತಿರುಗಾಟ ವಾಸಿ ಎಂದು ಭಾನುವಾರ ಮೂವರೂ ಹೊರಟೆವು. ಯಾರೂ ಹೋಗದ ಹಳೆಯ ಕೋಟೆ, ಬಾವಿ, ಗುಡಿ ಹುಡುಕುವುದು ಮಗಳಿಗೂ ನನಗೂ ಚಟ. ಮಖ್ತಲ್ ದಾಟಿ, ಜೂರಾಲ ಅಣೆಕಟ್ಟಿನ ಹಿನ್ನೀರಿನ ಬದಿಗೆ ಒಂದು ಕಲ್ಲಿನ ಗುಡಿ ಸಿಕ್ಕಿತು. ಕಸ ಗುಡಿಸುತ್ತಿದ್ದ ಮುದುಕಿಯೊಬ್ಬರು ನಮ್ಮ ಮಾತು ಕೇಳಿ, "ಕನ್ನಡದವ್ರೇನ್ರೀ? ಬರ್ರಿ, ನೆಳ್ಳಾಗ ಕೂಡ್ರಿ" ಎಂದು ಒಳಗೆ ಕರೆದರು. ಅಮ್ಮನ ಮುಖ ಅರಳಿತು. ಮುದುಕಿ ಕೊಡ ಹಿಡಿದು ನೀರಿಗೆ ಹೊರಟವರು ರೂಢಿಯಂತೆ ತೆಲುಗಿಗೆ ಜಾರಿದರು: "ಅಮ್ಮಾ, ತಲುಪು ವೇಸ್ಕೋಂಡಿ!"

"ಆಗಲೇ ತಲುಪಿ ಆಯ್ತಲ್ಲಮ್ಮಾ!" ಎಂದು ಅಮ್ಮ ಕೂಗಿ, ನನ್ನತ್ತ ತಿರುಗಿ ಗತ್ತಿನಿಂದ ನಕ್ಕಳು. "ನೋಡಿದ್ಯಾ, ಇವರ ತೆಲುಗೂ ನನಗೆ ಅರ್ಥವಾಗುತ್ತೆ."

ತೆಲುಗಿನಲ್ಲಿ ತಲುಪು ಎಂದರೆ ಬಾಗಿಲು. ಬಾಗಿಲು ಹಾಕಿಕೊಳ್ಳಿ ಎಂದಿದ್ದರು. ಹೇಳೋಣವೆಂದು ನಾನು ಬಾಯಿ ತೆರೆದರೆ ಮಗಳು ತೊಡೆ ಚಿವುಟಿದಳು. ನಾನೂ ಕಮ್ಮಿಯವಳಲ್ಲ, ಸುಮ್ಮನಾದೆ.

ತೆರೆದೇ ಇದ್ದ ಬಾಗಿಲಿನಿಂದ ಕೋತಿಗಳು ನುಗ್ಗಿ ಬಂದವು. ಪರದೇಶದ ಊಟ ಬೇಡವೆಂದು ಅಮ್ಮ ಬೆಳಿಗ್ಗೆಯೇ ಕಲಸಿ ತಂದಿದ್ದ ಪುಳಿಯೋಗರೆ ಡಬ್ಬಿಯನ್ನು ಒಂದು ಗಡವ ಹೊತ್ತು ಗೋಡೆ ಏರಿತು. "ಅಯ್ಯೋ ನಿನ್ನ ಮನೆ ಹಾಳಾಗ!" ಎಂದು ಅಮ್ಮ ಕೂಗುತ್ತಿದ್ದರೆ ಅದು ಕಡಲೆಬೀಜ ಹೆಕ್ಕಿ ಹೆಕ್ಕಿ ತಿಂದಿತು.

ಮರಳಿ ಬಂದ ಮುದುಕಿ ಹಣೆ ಬಡಿದುಕೊಂಡರು. "ಬಾಗ್ಲಾ ಹಾಕ್ಕೋರಿ ಅಂತ ಹೇಳೇ ಹೋಗಿದ್ನೆಲ್ಲರೀ ಯವ್ವಾ! ಮಂಗ್ಯಾ ಬಿಡ್ತಾವೇನು?" ಎಂದು ತಮ್ಮ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಹಂಚಿದರು. ಅಮ್ಮ ತಲೆ ತಗ್ಗಿಸಿಕೊಂಡು ತಿಂದಳು. ಇನ್ನೊಂದು ಕೇಳಿಯೂ ತಿಂದಳು.

ಆಮೇಲೆ ಮೊಮ್ಮಗಳ ಕಿವಿ ಹಿಡಿದಳು. "ನಿನಗೆ ಗೊತ್ತಿತ್ತಲ್ವೇನೇ, ಕಳ್ಳಿ?"

"ಗೊತ್ತಿತ್ತಜ್ಜಿ. ನೀನು ನನ್ನ ಕರ್ಕೊಂಡು ಹೋಗ್ತೀಯಲ್ಲಾ, ಅದಕ್ಕೇ ಹೇಳಲಿಲ್ಲ" ಎಂದ ಮಗಳಿಗೆ ಅಳು ಬಂದೇಬಿಟ್ಟಿತು.

ಅಮ್ಮ ಅವಳನ್ನು ತಬ್ಬಿಕೊಂಡಳು. "ಇಲ್ಲ ಬಿಡು ಪುಟ್ಟಿ, ಕರ್ಕೊಂಡು ಹೋಗಲ್ಲ." ನಾನು ಉಸಿರು ಬಿಡುವಷ್ಟರಲ್ಲಿ ಸೇರಿಸಿದಳು, "ನಾನೇ ಇಲ್ಲಿದ್ದುಬಿಡ್ತೀನಿ."

ಇವತ್ತಿಗೂ ಇದ್ದಾಳೆ. ಅಡುಗೆಮನೆಯೊಳಕ್ಕೆ ನನ್ನನ್ನೇ ಬಿಡುವುದಿಲ್ಲ.