ಹಾಲು ಕುಡಿಸಿದ ಗುಲಗಂಜಿ ಹುಳುಗಳು

1937ರ ಮಾಘದಲ್ಲಿ, ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ, ಅಕ್ಕ ನೀಲವ್ವ ಸಾಕಿದ್ದ ಗುಲಗಂಜಿ ಹುಳುಗಳೆಲ್ಲ ಹಸಿವಿನಿಂದ ಸತ್ತವು. ಆ ಮನೆ ಈಗಿಲ್ಲ. ಅಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ. ನಿಮಗೂ ಅಂಥ ಮನೆಯೊಂದು ನೆನಪಿರಬಹುದು. ಎಲ್ಲಾದರೂ ಕುಸುಬೆ ಎಣ್ಣೆ ಕಾಯುವ ವಾಸನೆ ಬಂದರೆ ನನಗೆ ಮೊದಲು ಕಾಣುವುದು ಅಕ್ಕನ ಗೀರುಬಿದ್ದ ಕೈಗಳು. ಜೋಳದ ಹೊಲದ ಅಂಚಿಗೆ ಬಿತ್ತಿದ ಕುಸುಬೆಯ ಮುಳ್ಳಿನ ನಡುವೆ ಕೈ ಹಾಕಿ, ಕೆಂಪು ಬೆನ್ನಿನ ಆ ಹುಳುಗಳನ್ನು ಅವಳು ನೋವಾಗದಂತೆ ಹಿಡಿಯುತ್ತಿದ್ದಳು. ಒಣ ಸೋರೆಬುರುಡೆಯಲ್ಲಿಟ್ಟು ಬಾಯಿಗೆ ತೆಳು ಬಟ್ಟೆ ಕಟ್ಟುತ್ತಿದ್ದಳು. ಗಿಡದ ರಸ ಹೀರುವ ಕರಿಹೇನು ಮುತ್ತಿದ ಕುಸುಬೆ ಕುಡಿಯನ್ನು ದಿನವೂ ತಂದು ಒಳಗಿಡುತ್ತಿದ್ದಳು. ಹುಳುವೊಂದು ಅವಳ ಬೆರಳ ತುದಿಗೇರಿ ರೆಕ್ಕೆ ಬಿಚ್ಚಿದರೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು.

ಮನೆ ನಡೆಸುತ್ತಿದ್ದವಳು ಅಪ್ಪನ ಅಕ್ಕ ಗೌರತ್ತೆ. ಒಂದು ದಿನ ಬುರುಡೆಯೊಳಗೆ ಇಣುಕಿದಳು.

"ಏನ್ ತಿಂತಾವಿವು?"

"ಹೇನ್ ತಿಂತಾವತ್ತಿ."

"ಜೀವಾ ತಿಂತಾವಾ? ಲಿಂಗಾ ಕಟ್ಟಿದ ಮನ್ಯಾಗ ಖಸಾಯಿ ಅಂಗಡಿ ತಗದೀಯೇನವಾ?"

"ಹೊಲಕ್ಕ ಬಿಟ್ ಬರ್ತೇನತ್ತಿ."

"ಬಿಟ್ಟರ ಮತ್ತ ಜೀವಾನ ತಿಂತಾವ, ಆ ಪಾಪ ಯಾರ ತಲಿಗೆ? ಸಾಕೀದಿ, ಈಗ ಸುಧಾರ್ಸು. ಮನಿ ಊಟಾ ಉಂಡರ ಇರ್ಲಿ, ಇಲ್ಲಾಂದ್ರ ಒಲ್ಯಾಗ ಹಾಕ್ತೇನಿ."

ಬುರುಡೆ ಅಡುಗೆಮನೆಯ ಗೂಡಿಗೆ, ಅತ್ತೆಯ ಕಣ್ಣೆದುರಿಗೆ ಬಂತು. ಅಕ್ಕ ಹತ್ತಿಯಲ್ಲಿ ಹಾಲು ಅದ್ದಿ ಇಟ್ಟಳು, ಬೆಲ್ಲದ ನೀರು ಇಟ್ಟಳು, ರೊಟ್ಟಿಯನ್ನು ಅಗಿದು ಮೆತ್ತಗೆ ಮಾಡಿ ಇಟ್ಟಳು. ಸೆರಗಿನಲ್ಲಿ ಕುಸುಬೆ ಕುಡಿ ಮುಚ್ಚಿಟ್ಟು ತಂದ ದಿನ ಅತ್ತೆ ಸೆರಗು ಕೊಡವಿಸಿ, ಬಿದ್ದ ಕುಡಿಯಿಂದಲೇ ಅವಳ ಕೈಮೇಲೆ ಬಾರಿಸಿದಳು. ಹುಳುವೊಂದು ಬುರುಡೆಯ ಗೋಡೆಗೆ ಹಳದಿ ಮೊಟ್ಟೆಗಳನ್ನಿಟ್ಟಾಗ ಅಕ್ಕ ಕುಣಿದಾಡಿದಳು. ಮರುದಿನ ಹುಳುಗಳೇ ಅವನ್ನು ತಿಂದಿದ್ದವು. "ನೋಡು, ಹಾಲ ಕೊಟ್ಟರೂ ಬುದ್ಧಿ ಬಿಡಲಿಲ್ಲ," ಎಂದು ಅತ್ತೆ ನಕ್ಕಳು. ಆಮೇಲೆ ಒಂದೊಂದಾಗಿ ಕಾಲು ಮೇಲಾಗಿ ಬಿದ್ದವು. ಕೊನೆಯದನ್ನು ಅಕ್ಕ ಅಂಗೈಯಲ್ಲಿಟ್ಟು ಬಹಳ ಹೊತ್ತು ಊದಿದಳು.

ಅದೇ ವಾರ ಹತ್ತರಗಿಯಿಂದ ಅಕ್ಕನನ್ನು ನೋಡಲು ಬೀಗರು ಬಂದರು. ಅವಳು ಬೆಲ್ಲದ ಸಿಹಿ ಮಾದಲಿ ಬಡಿಸಿದಳು. ಮನೆಯ ಆಚಾರ ಹೇಳಿಕೊಳ್ಳುವ ಹುರುಪಿನಲ್ಲಿ ಅತ್ತೆ, "ನಮ್ಮ ಮನ್ಯಾಗ ಹುಳಕ್ಕೂ ಹಾಲs ಕುಡಸ್ತೇವ್ರಿ," ಎಂದಳು.

ವರನ ಅಜ್ಜಿ ಕುತೂಹಲದಿಂದ ಕೇಳಿದಳು: "ಹೌದಾ! ಬದುಕ್ಯಾವೇನ್ರಿ?"

"ಇಲ್ರಿ, ಸತ್ತು."

"ಹಾಲ ಕುಡಿದು ಸತ್ತುವಾ? ಯಾರ ಕೈಲೆ ಕುಡಿಸಿದ್ರಿ?"

"ಈ ಹುಡುಗೀನs ರಿ," ಎಂದು ಅತ್ತೆ ಅಕ್ಕನ ಕಡೆ ಕೈ ತೋರಿಸಿದಳು.

ಅಜ್ಜಿ ಅಕ್ಕನ ಕೈಗಳನ್ನು ನೋಡಿದಳು. ತಟ್ಟೆ ಸರಿಸಿದಳು. ಉಳಿದವರೂ ಸರಿಸಿದರು. ಅವರ ಬಂಡಿ ಹೋದ ಮೇಲೆ ಅತ್ತೆ ಮಾದಲಿಯನ್ನು ಎಮ್ಮೆಗೆ ಹಾಕಿದಳು. ಉಣಿಸಿದ್ದನ್ನು ಕೊಲ್ಲುವ ಕೈ ಎಂಬ ಮಾತು ಗೋಕಾಕ ಸಂತೆಯವರೆಗೂ ಹೋಯಿತು. ಕೇಳಿ ಬಂದ ಸಂಬಂಧಗಳು ಬಾಗಿಲಿಂದಲೇ ತಿರುಗಿದವು.

ಕೆಲವು ವರ್ಷದ ಮೇಲೆ ಅಕ್ಕನನ್ನು ಹಿಡಕಲ್ಲಿನ ಒಬ್ಬ ಹೆಂಡತಿ ಸತ್ತವನಿಗೆ ಕೊಟ್ಟರು. ಅವನಿಗೆ ಇಬ್ಬರು ಸಣ್ಣ ಮಕ್ಕಳಿದ್ದರು. ನಾನು ಒಮ್ಮೆ ಹೋಗಿದ್ದೆ. ಸಗಣಿ ಬಾಚುವುದು, ನೀರು ತರುವುದು ಅವಳ ಕೆಲಸ. ಮಕ್ಕಳಿಗೆ ಉಣಿಸುತ್ತಿದ್ದವಳು ಗಂಡನ ಮನೆಯ ಮುದುಕಿ. ಅಕ್ಕನನ್ನು ಅಡುಗೆಮನೆಗೆ ಬಿಟ್ಟಿರಲಿಲ್ಲ.