ಚೀಟಿ ಕೊಟ್ಟ ಮಾತ್ರಕ್ಕೆ ಮುಗಿಯಿತೇ?

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಹರಿದಾಗ ಏಳುವ ವಾಸನೆ ನನ್ನ ಪಾಲಿಗೆ ಬಾಲ್ಯದ ವಾಸನೆ. ಅಮ್ಮ ನನ್ನ ಶಾಲೆಯ ಲಂಗಕ್ಕೆ ಇಸ್ತ್ರಿ ಹಾಕುವಾಗ ಪಕ್ಕದಲ್ಲೇ ನಿಂತು ಆ ಹಬೆಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದೆ. ಇಂದು ಬೆಳಗಿನ ಐದೂವರೆಗೆ ಈ ಕಿರಿದಾದ ಮೆಟ್ಟಿಲು ಹತ್ತುವಾಗ ಅದೇ ವಾಸನೆ ನನ್ನ ಹಿಂದೆಯೇ ಹತ್ತಿ ಬರುತ್ತದೆ. ಕೆಳಗಿರುವುದು ಅತ್ತೆಯ ಇಸ್ತ್ರಿ ಅಂಗಡಿ, ಮೇಲಿರುವುದು ಸೊಸೆಯ ಕೋಣೆ. ಬರೆಯಲೆಂದು ನಾನು ನೋಡಲು ಬಂದಿರುವುದು ಸೊಸೆಯನ್ನು.

ಆಕೆ ಆಗಲೇ ಕೆಲಸಕ್ಕೆ ಕೂತಿದ್ದಾರೆ. ನನಗಾಗಿ ಇಟ್ಟ ಕುರ್ಚಿಯ ಮೋಟು ಕಾಲಿನ ಕೆಳಗೆ ರಟ್ಟು ಮಡಚಿ ಸೇರಿಸಿದ್ದಾರೆ. ದೀಪ ನನ್ನ ಕಣ್ಣಿಗೆ ಹೊಡೆಯದಂತೆ ಗೋಡೆಯ ಕಡೆ ತಿರುಗಿದೆ. ಇದನ್ನೆಲ್ಲ ಮಾಡಿದ್ದನ್ನು ಅವರು ಹೇಳುವುದಿಲ್ಲ.

ನಾವು ಫೋನಿನಲ್ಲಿ ಬಸ್ಸಿನ ಸಮಯ ನೋಡುತ್ತೇವೆ, ಆಸ್ಪತ್ರೆಯಲ್ಲಿ ಸರದಿ ಹಿಡಿಯುತ್ತೇವೆ. ಅದರ ಹಿಂದಿನ ಸಾಫ್ಟ್‌ವೇರನ್ನು ಯಾರೋ ತಮ್ಮ ಮೇಜಿನ ಮೇಲೆ ಬರೆದಿರುತ್ತಾರೆ. ಅದು ಓಡುವುದು ಮಾತ್ರ ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ, ಅಂದರೆ ಕ್ಲೌಡಿನಲ್ಲಿ. ಆ ಮೇಜಿನಿಂದ ಬರೆದದ್ದರ ಗಂಟು ಹೊತ್ತು ಅಲ್ಲಿಗೆ ಒಪ್ಪಿಸಿ, ಏನಾಯಿತೆಂದು ಬಂದು ಹೇಳುವ ಪುಟ್ಟ ಪ್ರೋಗ್ರಾಮಿಗೆ ಕ್ಲೈಂಟ್ ಎನ್ನುತ್ತಾರೆ. ಅದನ್ನು ಬರೆದು, ತಿದ್ದಿ, ಕಾಪಾಡುವವರು ಈಕೆ. ದಿನಕ್ಕೆ ಹನ್ನೊಂದು ಸಾವಿರ ಜನ ಅದನ್ನು ಬಳಸುತ್ತಾರೆ. ಅವರಲ್ಲಿ ಆಕೆಯ ಮುಖ ಕಂಡವರು ಬಹುಶಃ ಯಾರೂ ಇಲ್ಲ.

"ಸರಿಯಾಗಿ ನಡೆದ್ರೆ ನಾನಿದ್ದೀನಿ ಅನ್ನೋದೇ ಯಾರಿಗೂ ಗೊತ್ತಾಗಲ್ಲ ಅಮ್ಮ. ಕೆಟ್ರೆ ಮಾತ್ರ ಎಲ್ಲರ ಬಾಯಲ್ಲೂ ನಾನೇ," ಎಂದು ನಗುತ್ತಾರೆ.

ವಯಸ್ಸು ನಲವತ್ತಾರು. ಮೊದಲು ಒಂಬತ್ತು ವರ್ಷ ದೂರವಾಣಿ ಕಚೇರಿಯಲ್ಲಿ ಜನರ ದೂರು ಕೇಳುವ ಕೆಲಸದಲ್ಲಿದ್ದರು. ಮೂವತ್ತನಾಲ್ಕರಲ್ಲಿ ಸಂಜೆ ತರಗತಿಗೆ ಸೇರಿ ಪ್ರೋಗ್ರಾಮ್ ಬರೆಯಲು ಕಲಿತರು. ಗಂಡ ಬಸ್ ಚಾಲಕ, ಆಗ ಮನೆಯಲ್ಲಿ ಎಂಟು ತಿಂಗಳ ಮಗಳು. ಆ ಎರಡು ವರ್ಷ ಮಗು ಬೆಳೆದದ್ದು ಅಂಗಡಿಯ ಬಟ್ಟೆ ಬುಟ್ಟಿಯಲ್ಲಿ. "ಗಿರಾಕಿ ಅಂಗಿ ಮೇಲೆ ಮೊಮ್ಮಗಳನ್ನ ಮಲಗಿಸ್ತಿದ್ದೆ. ಗೊತ್ತಾಗಿದ್ರೆ ನನಗೇ ಇಸ್ತ್ರಿ ಹಾಕ್ತಿದ್ರು," ಎಂದು ಮೆಟ್ಟಿಲು ಹತ್ತುವ ಮೊದಲೇ ಅತ್ತೆ ನನಗೆ ಹೇಳಿದ್ದರು.

ಹೋದ ವರ್ಷದ ಮಾತು ಬಂದಾಗ ಸೊಸೆಯ ದನಿ ತಗ್ಗುತ್ತದೆ. ಒಂದು ರಕ್ತನಿಧಿಯ ತಂತ್ರಜ್ಞ ತಮ್ಮ ಸಾಫ್ಟ್‌ವೇರಿನ ದೋಷವೊಂದನ್ನು ತಿದ್ದಿದ್ದರು. ಹಿಂದಿನ ತಿಂಗಳಷ್ಟೇ ರಕ್ತ ಕೊಟ್ಟವರ ಹೆಸರೂ ಮತ್ತೆ ಕರೆಯುವವರ ಪಟ್ಟಿಗೆ ಬರುತ್ತಿತ್ತು, ಅದೇ ದೋಷ. ತಿದ್ದಿದ್ದನ್ನು ಕ್ಲೈಂಟ್ ಮೂಲಕ ಕಳಿಸಿದರು. "ಮುಗಿಯಿತು" ಎಂದಿತು ಕ್ಲೈಂಟ್. ನಂಬಿ ಎದ್ದುಹೋದರು. ನಿಜಕ್ಕೂ ಕೆಲಸ ನಡುದಾರಿಯಲ್ಲಿ ಸಿಕ್ಕಿಕೊಂಡಿತ್ತು. ಮಧ್ಯಾಹ್ನದವರೆಗೂ ಓಡಿದ್ದು ಹಳೆಯದೇ. ಇತ್ತೀಚೆಗಷ್ಟೇ ಕೊಟ್ಟಿದ್ದರಿಂದ ಮತ್ತೆ ರಕ್ತ ಕೊಡಲಾಗದ ಟೀಚರೊಬ್ಬರು ಎರಡು ಗಂಟೆ ಬಸ್ಸಿನಲ್ಲಿ ಬಂದು ಹಾಗೇ ಮರಳಿದರು. ಕೊಡಬಲ್ಲವರಿಗೆ ಕರೆ ಹೋಗುವಷ್ಟರಲ್ಲಿ ಹೊತ್ತು ಏರಿತ್ತು. ರಕ್ತಕ್ಕಾಗಿ ಕಾಯುತ್ತಿದ್ದ ರೋಗಿ ಉಳಿದರು, ನಿಜ. ಆದರೆ ಅಂದಿನಿಂದ ಆ ತಂತ್ರಜ್ಞ ಪ್ರತಿ ಹೆಸರನ್ನೂ ಕೈಬರಹದ ಪುಸ್ತಕದಲ್ಲಿ ಹುಡುಕಿ ನೋಡದೆ ಫೋನ್ ಮಾಡುವುದಿಲ್ಲ.

"ತಪ್ಪು ನಂದೇ. ಕ್ಲೌಡಿಂದ 'ತಗೊಂಡ್ವಿ' ಅಂತ ಒಂದು ನಂಬರ್ ಬರುತ್ತೆ. ಅದು ಬಂದ ತಕ್ಷಣ 'ಮುಗಿಯಿತು' ಅಂತ ತೋರಿಸೋ ಹಾಗೆ ಬರೆದಿದ್ದೆ."

ಊಟಕ್ಕೆ ಕೂತು ಇದನ್ನು ಹೇಳಿಕೊಂಡ ದಿನ ಅತ್ತೆ ಕೇಳಿದರಂತೆ: "ಬಟ್ಟೆ ತಗೊಂಡು ಚೀಟಿ ಕೊಟ್ಟ ಮಾತ್ರಕ್ಕೆ ಇಸ್ತ್ರಿ ಆಗೋಯ್ತೇನೇ? ಅಷ್ಟು ಓದಿ ಇದು ತಿಳೀಲಿಲ್ವಾ?"

"ಬೈದ್ರಾ, ದಾರಿ ತೋರಿಸಿದ್ರಾ, ಇನ್ನೂ ಗೊತ್ತಾಗಿಲ್ಲ," ಎನ್ನುತ್ತಾರೆ ಸೊಸೆ.

ನಾಲ್ಕು ತಿಂಗಳು ಕೂತು ಆ ಭಾಗವನ್ನು ಹೊಸದಾಗಿ ಬರೆದಿದ್ದಾರೆ. ಈಗ ಕ್ಲೈಂಟ್ ನಂಬರು ಹಿಡಿದು ಎರಡು ಸೆಕೆಂಡಿಗೆ, ಆಮೇಲೆ ನಾಲ್ಕಕ್ಕೆ, ಎಂಟಕ್ಕೆ ಹೋಗಿ ವಿಚಾರಿಸುತ್ತದೆ. ಹೊಸದು ಓಡುವುದನ್ನು ತಾನೇ ಕಂಡ ಮೇಲಷ್ಟೇ ಮುಗಿಯಿತು ಎನ್ನುತ್ತದೆ. ತಿಳಿಯದಿದ್ದರೆ ಗೊತ್ತಿಲ್ಲ ಎನ್ನುತ್ತದೆ. ಆ ಕೊನೆಯ ಮಾತು ಮೇಲಧಿಕಾರಿಗೆ ಹಿಡಿಸಲಿಲ್ಲ, ಗಿರಾಕಿಗಳು ಹೆದರುತ್ತಾರೆ ಎಂದರು. ಈಕೆ ಬಿಡಲಿಲ್ಲ. "ದೂರು ಕೇಳ್ತಿದ್ದಾಗ ನಾನೇ ನೋಡಿದೀನಿ. ಗೊತ್ತಿಲ್ಲ, ವಿಚಾರಿಸ್ತೀನಿ ಅಂದ್ರೆ ಜನ ಕಾಯ್ತಾರೆ. ಸುಳ್ಳು ಹೇಳಿದ್ರೆ ತಿರುಗಿ ನಂಬಲ್ಲ."

ಅದರ ಪರೀಕ್ಷೆ ಇಂದು. ಈಕೆ ಬಹಳ ಕೇಳಿಕೊಂಡ ಮೇಲೆ ರಕ್ತನಿಧಿಯ ಅದೇ ತಂತ್ರಜ್ಞ ಬಳಸಿ ನೋಡಲು ಒಪ್ಪಿದ್ದಾರೆ. ದಾನಿಗಳಿಗೆ ಕರೆ ಶುರುವಾಗುವ ಮುಂಚೆ, ಆರು ಗಂಟೆಗೆ, ಒಂದೇ ಒಂದು ಸಲ.

ಫೋನು ಮೇಜಿನ ಮೇಲಿದೆ. "ಕಳಿಸಿದೆ ಮೇಡಂ," ಎನ್ನುತ್ತದೆ ಅತ್ತಲಿನ ದನಿ. ತಮ್ಮ ಪರದೆಯಲ್ಲಿ ಮೂಡಿದ್ದನ್ನು ಅವರು ಓದುತ್ತಾರೆ. "'ತಲುಪಿದೆ. ಇನ್ನೂ ಮುಗಿದಿಲ್ಲ.' ... ಮತ್ತೆ ಅದೇ ... ಮೇಡಂ, ಈಗ ಬೇರೆ ಬಂತು. 'ಉತ್ತರ ಬರುತ್ತಿಲ್ಲ. ಮುಗಿದಿದೆಯೋ ಇಲ್ಲವೋ ಗೊತ್ತಿಲ್ಲ. ಮತ್ತೆ ಕೇಳುತ್ತಿದ್ದೇನೆ, ದಯವಿಟ್ಟು ಇರಿ.'"

ಸೊಸೆಯ ಬೆರಳುಗಳು ಕುರ್ಚಿಯ ಅಂಚನ್ನು ಹಿಡಿದಿವೆ. ದಾರಿಯಲ್ಲಿ ಎಲ್ಲೋ ನೆಟ್‌ವರ್ಕ್ ಕಡಿದಿರಬೇಕು. ಇಲ್ಲಿಂದ ಮಾಡುವಂಥದ್ದು ಏನೂ ಇಲ್ಲ. ಬರೆದದ್ದು ಬರೆದಾಗಿದೆ.

"ಇರಲಾ?" ಎನ್ನುತ್ತದೆ ಫೋನು.

"ಇರಿ ಸಾರ್."

ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯುತ್ತದೆ. ಕೆಳಗೆ ಇಸ್ತ್ರಿಪೆಟ್ಟಿಗೆ ಧಪ್ಪೆಂದು ಕೂರುವ ಸದ್ದೂ ನಿಂತಿದೆ.

"'ಮುಗಿಯಿತು. ಹೊಸದು ಓಡುತ್ತಿದೆ' ಅಂತ ಬಂತು," ಎನ್ನುತ್ತಾರೆ. ಪುಟ ಮಗುಚುವ ಸದ್ದು. "ಪುಸ್ತಕ ಇಟ್ಕೊಂಡು ನೋಡಿದೆ ಮೇಡಂ. ಇಪ್ಪತ್ತು ಹೆಸರು. ಎಲ್ಲಾ ಸರಿಯಾಗಿದೆ." ಪುಸ್ತಕ ಮುಚ್ಚುವ ಸದ್ದು. "ನಾಳೆಯಿಂದ ಪುಸ್ತಕ ಬೀರುವಲ್ಲಿರುತ್ತೆ. ಎಸೆಯಲ್ಲ, ಬೇಜಾರ್ ಮಾಡ್ಕೋಬೇಡಿ."

"ಎಸೀಬೇಡಿ ಸಾರ್. ಬೀರುವಲ್ಲಿದ್ರೆ ಸಾಕು."

ಫೋನಿಟ್ಟು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ, ಒರೆಸುತ್ತಲೇ ಇರುತ್ತಾರೆ. ಮುಂದೆ ಏನಾಸೆ ಎಂದರೆ ದೊಡ್ಡದೇನೂ ಇಲ್ಲವಂತೆ. "ಗೊತ್ತಿಲ್ಲ ಅಂತ ಬಂದಾಗಲೂ ಅವರು ಫೋನ್ ಇಡ್ಲಿಲ್ಲ ನೋಡಿ ಅಮ್ಮ. ಅಷ್ಟೇ ಬೇಕಾಗಿತ್ತು."

ಮೆಟ್ಟಿಲಲ್ಲಿ ನಿಧಾನದ ಹೆಜ್ಜೆ. ಅತ್ತೆ ಹಬೆಯಾಡುವ ತಿಂಡಿಯ ಎರಡು ತಟ್ಟೆ ಹಿಡಿದು ಬರುತ್ತಾರೆ. ಒಂದನ್ನು ನನ್ನ ಕೈಗಿಡುತ್ತಾರೆ. ಇನ್ನೊಂದಕ್ಕೆ ಕೀಲಿಮಣೆ ಸರಿಸಿ ಜಾಗ ಮಾಡಿ, ಸೊಸೆಯ ಮುಂದಿಡುತ್ತಾರೆ. ಏನಾಯಿತೆಂದು ಕೇಳುವುದಿಲ್ಲ. ಕೆಳಗೆ ಬಟ್ಟೆಯ ರಾಶಿ ಕಾಯುತ್ತಿದ್ದರೂ ಹೋಗುವುದಿಲ್ಲ. ಸೊಸೆ ಮೊದಲ ತುತ್ತು ನುಂಗುವವರೆಗೆ ಅಲ್ಲೇ, ಬಾಗಿಲಿಗೆ ಒರಗಿ ನಿಂತಿರುತ್ತಾರೆ.