ಏನೇ ಮಾಡಿದರೂ ಹೋಗದು ಈ ಕಲೆ

ಬಟ್ಟೆ ಒಗೆಯುವ ಅಂಗಡಿಯ ಗುಡುಗಣ್ಣನಿಗೆ ಒಂದು ಚಟವಿತ್ತು. ಗಿರಾಕಿ ಅಂಗಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಅದರ ಕಲೆಯನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, "ಇದು ಹೇಗಾಯ್ತು?" ಎಂದು ಕೇಳುವುದು. ಚಹಾ ಎಂದರೆ ಸಾಲದು. ಯಾರ ಜೊತೆ ಕುಡಿಯುತ್ತಿದ್ದಿರಿ, ಯಾರ ಕೈ ತಾಗಿತು, ಆಗ ನಗುತ್ತಿದ್ದಿರೋ ಜಗಳವಾಡುತ್ತಿದ್ದಿರೋ, ಎಲ್ಲವೂ ಬೇಕು. "ಕಲೆ ತೆಗೀಬೇಕಾದ್ರೆ ಅದರ ಪೂರ್ವಾಪರ ಗೊತ್ತಿರ್ಬೇಕು" ಎನ್ನುತ್ತಿದ್ದ. ಶುದ್ಧ ಸುಳ್ಳು. ಅವನಿಗೆ ಬೇಕಾಗಿದ್ದು ಕಥೆ. ಗಿರಾಕಿಗಳು ಬೈದುಕೊಂಡೇ ಹೇಳುತ್ತಿದ್ದರು, ಮುಂದಿನ ವಾರ ಮತ್ತೆ ಬರುತ್ತಿದ್ದರು.

ಗುಡುಗಣ್ಣ ಎಂಬ ಹೆಸರು ಒಗೆತದಿಂದ ಬಂದದ್ದಲ್ಲ. ಮೂವತ್ತು ವರ್ಷಗಳ ಹಿಂದೆ ಅವನು ನಾಲ್ವರ ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಬೀದಿಯವರು ಕಿಟಕಿ ಮುಚ್ಚಿಕೊಂಡು ಇಟ್ಟ ಹೆಸರು ಅದು. ಬ್ಯಾಂಡಿನ ಒಂದೇ ಒಂದು ಹಾಡು ಗೆದ್ದಿತ್ತು. ಬರೆದವನು ಗುಡುಗಣ್ಣ. ಹಾಡಿದವನು ಅವನ ಗೆಳೆಯ, ಎಲ್ಲರೂ 'ಗಂಟಲು' ಎಂದೇ ಕರೆಯುತ್ತಿದ್ದವನು. "ಏನೇ ಮಾಡಿದರೂ ಹೋಗದು ಈ ಕಲೆ" ಎಂದು ಅವನು ಕಿರುಚಿದರೆ ಕಾಲೇಜಿನವರೆಲ್ಲ ಮುಷ್ಟಿ ಎತ್ತುತ್ತಿದ್ದರು. ಸಂಗೀತಕ್ಕೆ ಸಾವಿಲ್ಲ ಎಂಬ ಘೋಷಣೆ ಅದು ಎಂದು ಅವರ ಲೆಕ್ಕ.

ಈಗ ಜಾಹೀರಾತು ಮಾಡುವವರು ಆ ಹಾಡನ್ನು ಬಟ್ಟೆ ಸೋಪಿಗಾಗಿ ಕೇಳಿದ್ದರು. ನಾಲ್ವರ ಸಹಿಯೂ ಬೇಕು. ಗಿಟಾರ್ ನುಡಿಸುತ್ತಿದ್ದ ಅಣ್ಣತಮ್ಮಂದಿರು ಹಿಂದುಮುಂದು ನೋಡದೆ ಸಹಿ ಹಾಕಿದ್ದರು. ಗಂಟಲು ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂತಿದ್ದ. ಆ ಹಾಡು ಇನ್ನೊಮ್ಮೆ ಮನೆಮನೆಯಲ್ಲಿ ಕೇಳಿಸಬೇಕೆಂದು ಗುಡುಗಣ್ಣನಿಗೆ ತುಂಬಾ ಆಸೆ. ಅದರ ಜೊತೆಗೆ ಇನ್ನೊಂದು ಹುಳವೂ ತಲೆ ಕೊರೆಯುತ್ತಿತ್ತು: ಸೋಪಿನವರಿಗೆ ಇದೇ ಹಾಡು ಹೇಗೆ ಹೊಳೆಯಿತು? ತಡೆಯಲಾರದೆ ಜಾಹೀರಾತು ಕಂಪನಿಯ ಹೆಂಗಸಿಗೆ ಫೋನ್ ಮಾಡಿ ಕೇಳಿಯೇಬಿಟ್ಟ.

"ಬಟ್ಟೆ ಮೇಲಿನ ಕಲೆ ಬಗ್ಗೆ ತಾನೇ ಸರ್ ಆ ಹಾಡು?" ಎಂದಳು ಅವಳು.

ಗುಡುಗಣ್ಣ ನಿಂತಲ್ಲೇ ನಿಂತ. ಮೂವತ್ತು ವರ್ಷಗಳಲ್ಲಿ ಹಾಡು ಸರಿಯಾಗಿ ಅರ್ಥವಾದದ್ದು ಇವಳೊಬ್ಬಳಿಗೆ.

ಮರುದಿನವೇ ಕರಾರಿನ ಕಾಗದ ಹಿಡಿದು ಗಂಟಲಿನ ಹತ್ತಿರ ಹೋದ. ಅವನು ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ಮಕ್ಕಳು ಹೋದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದ.

"ಕಲೇನ ಸೋಪಿಗೆ ಮಾರ್ಕೊಳ್ತೀಯೇನೋ? ನಾಚಿಕೆ ಆಗಲ್ವಾ?"

"ನಾನು ಬರೆದಿದ್ದು ಆ ಕಲೆ ಅಲ್ಲ ಕಣೋ. ಅಂಗಿ ಮೇಲಿನ ಕಲೆ."

ಗಂಟಲು ಕುರ್ಚಿಯನ್ನು ಅಲ್ಲೇ ಬಿಟ್ಟು ಅದರ ಮೇಲೆ ಕುಳಿತ. "ಯಾರ ಅಂಗಿ?"

"ನಮ್ಮಪ್ಪಂದು. ಜೇಬಲ್ಲಿ ಪೆನ್ನು ಸೋರಿತ್ತು. ಅದಾಗಿ ಎರಡು ದಿನಕ್ಕೆ ಹೋಗ್ಬಿಟ್ರು. ಅಮ್ಮ ಎಂಥೆಂಥಾ ಕಲೆ ತೆಗೆದೋಳು! ಅದೊಂದನ್ನ ಮಾತ್ರ ಹಾಗೇ ಇಟ್ಕೊಂಡ್ಲು. ಯಾರಾದ್ರೂ ಕೇಳಿದ್ರೆ, ಏನೇ ಮಾಡಿದ್ರೂ ಹೋಗಲ್ಲ ಅನ್ನೋಳು. ಅವಳು ಏನೂ ಮಾಡೇ ಇರ್ಲಿಲ್ಲ ಕಣೋ. ಶಾಯಿ ಕಲೆ ತೆಗೆಯೋದು ಅರ್ಧ ಗಂಟೆ ಕೆಲಸ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಹಾಡಿನ ಕಾಗದ ನೋಡ್ತಿದ್ದ ಹಾಗೇ, ಕಲೆ ಅಂದ್ರೆ ಹೀಗಿರ್ಬೇಕು ಅಂತ ಕುಣಿದುಬಿಟ್ಟೆ. ಉದ್ದ ಕೂದಲು ಬಿಟ್ಟು ಡ್ರಮ್ ಬಾರಿಸೋನು, ಇದು ನಮ್ಮಮ್ಮನ ಮಾತು ಅಂತ ಹೇಗಪ್ಪಾ ಹೇಳ್ಲಿ? ಹೂಂ ಅಂದೆ."

ಗಂಟಲು ಮೊದಲು ಕಣ್ಣರಳಿಸಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂದ್ರೆ ಇಷ್ಟು ವರ್ಷ ನಾನು ನಿಮ್ಮಪ್ಪನ ಜೇಬಿನ ಬಗ್ಗೆ ಕಿರುಚಿದ್ನಾ! ಕೊಡಪ್ಪಾ ಪೆನ್ನು, ನಂದೇನೂ ತಕರಾರಿಲ್ಲ." ಪೆನ್ನಿನ ಮುಚ್ಚಳ ತೆಗೆದವನು ಕೇಳಿದ: "ಅಂದ ಹಾಗೆ, ಜಾಹೀರಾತಲ್ಲಿ ಏನಿರುತ್ತೆ?"

ಗುಡುಗಣ್ಣ ಆ ಕಾಗದವನ್ನು ಮನಸ್ಸಿನಲ್ಲೇ ನಾಲ್ಕು ಸಲ ಓದಿದ್ದ. ಜೋರಾಗಿ ಓದಿದ್ದು ಇದೇ ಮೊದಲು. "ಒಬ್ಬ ಹೆಂಗಸು ಗಂಡನ ಅಂಗಿ ಹಿಡ್ಕೊಂಡಿರ್ತಾಳೆ. ಒಂದು ಕಡೆ ಶಾಯಿ. ಸೋಪು ಹಚ್ತಾಳೆ. ಕೊನೇಲಿ ಹೋಗದು ಅನ್ನೋ ಕಡೆ..." ಕಾಗದವನ್ನು ಗೆಳೆಯನ ಮುಂದೆ ಚಾಚಿದ. "ಹೋಯಿತು ಅಂತ ಹೊಸದಾಗಿ ಹಾಡ್ಬೇಕಂತೆ. ನೀನೇ."

ಗಂಟಲು ಪೆನ್ನನ್ನು ಕಾಗದದ ಮೇಲೆ ಊರಲಿಲ್ಲ. ನಿಧಾನವಾಗಿ ಕೇಳಿದ: "ಆ ಅಂಗಿ ಈಗೆಲ್ಲಿದೆ?"

"ಅಂಗಡೀಲೇ. ಹಿಂದಿನ ಸಾಲಲ್ಲಿ, ಕೊನೇದು. ಅಮ್ಮ ಹೋದ್ಮೇಲೆ ನಾನೇ ನೇತು ಹಾಕಿದೀನಿ."

"ಒಗೆದಿದೀಯಾ?"

"ಇಲ್ಲ."

"ಯಾಕೋ? ಅರ್ಧ ಗಂಟೆ ಕೆಲಸ ಅಂದ್ಯಲ್ಲ."

ಊರಿನವರ ಕಲೆಗಳನ್ನೆಲ್ಲ ವಿಚಾರಿಸಿದವನನ್ನು ಇದುವರೆಗೆ ಯಾರೂ ವಿಚಾರಿಸಿರಲಿಲ್ಲ. ಗುಡುಗಣ್ಣನ ಕಣ್ಣು ತುಂಬಿ ಬಂದವು.

"ಏನೇ ಮಾಡಿದ್ರೂ ಹೋಗಲ್ಲ ಕಣೋ," ಎಂದ.

ಗಂಟಲು ಪೆನ್ನಿಗೆ ಮುಚ್ಚಳ ಹಾಕಿದ. ಕಾಗದವನ್ನು ನಾಲ್ಕಾಗಿ ಮಡಚಿ, ಸಹಿಯಿಲ್ಲದೆ, ಗೆಳೆಯನ ಜೇಬಿಗೆ ಹಾಕಿದ.